ನಡು ಗೆರೆಯ ಇಟ್ಟಿಗೆ

12 ಜನವರಿ 2014, ಬೆಳಿಗ್ಗೆ

ಕರೆಂಟ್ ಹೋಗಿ ಬನಹಟ್ಟಿಯ ಮಗ್ಗಗಳೆಲ್ಲ ಸುಮ್ಮನಾದವು. ಆ ಹೊತ್ತಿನಲ್ಲೇ ನಮ್ಮ ವಿಡಿಯೋ ಗೇಮಿನ ಜೈಲಿನ ಕೊನೆಯ ಕೋಣೆ ಬರೆದು ಮುಗಿಸಿದೆ. ಸೀರೆಯ ದಡಿ ಬರೆಯುವ ಗ್ರಾಫ್ ಹಾಳೆ ಮೇಲೆಯೇ. ಒಂದು ಚೌಕಕ್ಕೆ ಒಂದು ಇಟ್ಟಿಗೆ. ಎಡ ಅರ್ಧ ಮಾತ್ರ ಬರೆದಿದ್ದೇನೆ. ಬಲ ಅರ್ಧ ಕನ್ನಡಿಯಲ್ಲಿ ಕಂಡಂತೆ ತಾನೇ ಬರುತ್ತದೆ. ದಡಿಗೂ ಹಾಗೇ. ಅಮೇಯನ ಪ್ರೋಗ್ರಾಮೂ ಹಾಗೇ ಮಾಡುತ್ತದಂತೆ, ಜಾಗ ಉಳಿಯುತ್ತದಂತೆ.

ಆಟ ಸರಳ. ಒಬ್ಬ ಕೈದಿ, ಒಂದು ಚಮಚ. ಎಡ ಗೇಟಿಗೆ ಕಾವಲಿದೆ, ಬಲ ಗೇಟಿಗಿಲ್ಲ. ನಡು ಗೋಡೆ ಕೊರೆದು ಬಲಕ್ಕೆ ಹೋದವನು ಗೆದ್ದ. ಚಮಚ ಒಂದೇ ಇಟ್ಟಿಗೆ ಕೊರೆದು ಮುರಿಯುತ್ತದೆ. ಗೋಡೆಯೂ ಒಂದೇ ಇಟ್ಟಿಗೆ ದಪ್ಪ.

ಸಣ್ಣವರಿದ್ದಾಗ ಕ್ಯಾಸೆಟ್ ತುರುಕಿ ಆಡುತ್ತಿದ್ದ ಟಿವಿ ಗೇಮಿನಲ್ಲಿ ಇದು ಓಡುತ್ತದೆ. ಜಮಖಂಡಿಯ ಅಮೇಯ, ಕಾಲೇಜಿನ ಗೆಳೆಯ, ಎರಡು ವರ್ಷದಿಂದ ಪ್ರೋಗ್ರಾಮ್ ಬರೆಯುತ್ತಿದ್ದಾನೆ. ಚಿತ್ರವೆಲ್ಲ ನನ್ನದು. ಮುಂದಿನ ತಿಂಗಳು ಪುಣೆಯಲ್ಲಿ ಇಂಥ ಆಟಗಳ ಸ್ಪರ್ಧೆ. ಮೊದಲ ಪರದೆ ಮೇಲೆ ಇಬ್ಬರ ಹೆಸರೂ ಎಂದು ಮಾತಾಗಿದೆ.

2 ಫೆಬ್ರವರಿ

ಸ್ಪರ್ಧೆಯ ವೆಬ್‌ಸೈಟಿನಲ್ಲಿ ಮೊದಲ ಪರದೆಯ ಫೋಟೋ. ಒಂದೇ ಹೆಸರು. ಅವನದು. ನನಗೆ ತೋರಿಸದೆಯೇ ಕಳಿಸಿದ್ದಾನೆ.

ಫೋನ್ ಮಾಡಿದೆ. "ಪ್ರೋಗ್ರಾಮ್ ನಂದದ, ಭಾಗ್ಯಾ. ನೀ ಬರೇ ಚಿತ್ರ ತಗದಿದಿ" ಎಂದ.

ಬರೇ ಚಿತ್ರ! ಎರಡು ವರ್ಷ ಕಣ್ಣು ಕೆಡಿಸಿಕೊಂಡದ್ದು ಬರೇ ಚಿತ್ರ. ಎಷ್ಟು ಭಾನುವಾರ ಇಲ್ಲೇ ರೊಟ್ಟಿ ತಿಂದಿದ್ದಾನೆ. ಉಂಡ ಮನೆಯ ಜಂತೆ ಎಣಿಸುವವನು. ಮೈಯೆಲ್ಲ ಉರಿಯುತ್ತಿದೆ.

ಶಿವಯೋಗೆಪ್ಪ ಕಾಕಾನಿಗೆ ಹೇಳಿದೆ. ಗ್ರಾಫ್ ಕೆಲಸ ನನಗೆ ಕಲಿಸಿದವನೇ ಅವನು. ನಲವತ್ತು ವರ್ಷ ದಡಿ, ಸೆರಗು ಬರೆದಿದ್ದಾನೆ. "ಸೀರಿ ಮ್ಯಾಲೆ ಅಂಗಡಿ ಹೆಸರಿರತೈತಿ. ನಮ್ಮದ ಎಲ್ಲಿರತೈತಿ?" ಎಂದು ಮತ್ತೆ ಹಾಳೆಗೆ ಬಗ್ಗಿದ. ಅವನ ಮೇಲೂ ಸಿಟ್ಟು ಬಂತು. ಅವನ ಮೇಲೇ ಹೆಚ್ಚು ಬಂತೋ ಏನೋ.

9 ಫೆಬ್ರವರಿ

ನಾಲ್ಕನೇ ಸಲಕ್ಕೆ ಅಮೇಯನ ಫೋನ್ ಎತ್ತಿದೆ. ಪುಣೆಯವರಲ್ಲಿ ಯಾರಿಗೂ ಜೈಲಿನಿಂದ ಹೊರಬೀಳಲು ಆಗಿಲ್ಲವಂತೆ. ಹದಿನಾರರೊಳಗೆ ಸರಿಮಾಡಿ ಕಳಿಸಬೇಕಂತೆ.

"ಗ್ವಾಡಿ ಎರಡ ಇಟ್ಟಂಗಿ ದಪ್ಪ ಬಂದದ. ನಿನ್ನ ಚಿತ್ರದ್ದ ತಪ್ಪದ."

ನಗು ಬಂತು. ಕೂಡಲೇ ತಿಳಿಯಿತು. ಹಾಳೆಯ ಕೊನೆಯ ಗೆರೆ, ಅಂದರೆ ಬಲತುದಿಯ ಚೌಕಗಳ ಸಾಲೇ, ನಡು ಗೆರೆ. ಅದು ಒಂದೇ ಸಲ ಬರಬೇಕು. ಅವನು ಅದನ್ನೂ ಕನ್ನಡಿ ಮಾಡಿಟ್ಟಿದ್ದಾನೆ. ದಡಿಯಲ್ಲಿ ನಡು ಎಳೆ ಎರಡು ಸಲ ಬಂದರೆ ಹೂವಿನ ಮೂಗು ದಪ್ಪ ಎಂದು ನಮ್ಮ ಓಣಿಯ ಮಕ್ಕಳೂ ನಗುತ್ತವೆ. ನಾನು ಹೇಳಿರಲಿಲ್ಲ. ಬನಹಟ್ಟಿಯಲ್ಲಿ ಅದನ್ನು ಯಾರೂ ಯಾರಿಗೂ ಹೇಳುವುದಿಲ್ಲ. ಅಷ್ಟು ನನ್ನ ತಪ್ಪು. ಇಲ್ಲಿ ಮಾತ್ರ ಬರೆಯುತ್ತೇನೆ, ಅವನೆದುರು ಸತ್ತರೂ ಒಪ್ಪುವುದಿಲ್ಲ.

ಒಂದು ಗೆರೆ ತೆಗೆದರೆ ಪರದೆಗೆ ಒಂದು ಸಾಲು ಕಡಿಮೆ ಬೀಳುತ್ತದೆ. ಹೊಸದಾಗಿಯೇ ಬರೆಯಬೇಕು. ನಾನೇ. ಹೆಸರಿನ ಮಾತೆತ್ತಿದೆ.

"ಆಮ್ಯಾಲೆ ನೋಡೋಣು."

13 ಫೆಬ್ರವರಿ

ಆಮೇಲೆ ನೋಡುವನಂತೆ. ನಾನು ಈಗಲೇ ನೋಡಿಕೊಂಡೆ.

ಚಮಚಕ್ಕೆ ಬಗ್ಗುವುದು ಬಿಳಿ ಇಟ್ಟಿಗೆ ಮಾತ್ರ. ಅವನೇ ಮಾಡಿದ ನಿಯಮ. ಕೊನೆಯ ಕೋಣೆಯ ಹಿಂಗೋಡೆ ಮೇಲೆ ಬಿಳಿ ಇಟ್ಟಿಗೆಯಲ್ಲೇ ಬರೆದಿದ್ದೇನೆ — ಭಾಗ್ಯಾ. ಕೊನೆಯ ಅಕ್ಷರದ ಬಾಲವೇ ನಡು ಗೆರೆಯ ಇಟ್ಟಿಗೆ. ಹೆಸರು ಅಳಿಸಿದರೆ ದಾರಿಯೂ ಹೋಯಿತು. ಒಂದು ಇಟ್ಟಿಗೆ ಉಳಿಸಿ ಮಿಕ್ಕದ್ದು ಅಳಿಸಬಹುದಲ್ಲ... ನಡು ಗೆರೆಯೇ ತಿಳಿಯದವನಿಗೆ ಯಾವುದನ್ನು ಉಳಿಸಬೇಕೆಂದು ಹೇಗೆ ಗೊತ್ತಾದೀತು. ಬಲಕ್ಕೆ ಹೆಸರು ಉಲ್ಟಾ ಬರುತ್ತದೆ. ಬರಲಿ. ಎರಡು ಸಲ ಓದಲಿ.

16 ಫೆಬ್ರವರಿ, ಮಧ್ಯಾಹ್ನ 4

ಅಮೇಯನ ಬೈಕು ಬಾಗಿಲಲ್ಲಿದೆ. ಹಾರ್ನ್ ಮೇಲೆ ಹಾರ್ನ್. ಇವತ್ತೇ ಕಡೆಯ ದಿನ. ಒಳಗೆ ಕರೆದಿಲ್ಲ, ಚಹಾ ಕೇಳಿಲ್ಲ.

ಹಾಳೆ ಮಡಚುತ್ತಿದ್ದೆ. ಕಾಕಾ ಕೈಯಿಂದ ಇಸಿದುಕೊಂಡ. ಚಾಳೀಸು ಕನ್ನಡಕ ಹಾಕಿಕೊಂಡು ನಾನು ಬರೆದ ಗೋಡೆ ಮೇಲೆ ಬೆರಳಾಡಿಸಿದ. ಹೆಸರು ಓದಿದ. ಬೈಯುತ್ತಾನೆಂದುಕೊಂಡೆ.

"ನಂದೂ ಒಂದ ಅಕ್ಷರ ಹಿಡಸತೈತೇನವಾ?"

ಹಿಡಿಸುತ್ತದೆ. ಹಿಡಿಸದಿದ್ದರೆ ಗೋಡೆ ಒಡೆದು ಹಿಡಿಸುತ್ತೇನೆ. ಹಾರ್ನ್ ಹೊಡೆದುಕೊಳ್ಳುತ್ತಿರಲಿ ಅವನು. ಕಾಕಾ ಪೆನ್ಸಿಲ್ ಚೂಪು ಮಾಡಿ ಕೊಟ್ಟ. ಬಾಲದ ಎಡಕ್ಕೆ ಆರು ಸಾಲು ಚೌಕ ಖಾಲಿ ಇವೆ, ಅಲ್ಲೇ ಶಿ —