ಬಾಡಿಗೆ ಕುರ್ಚಿಗಳು

ಕಾರ್ಖಾನೆಯ ಮಹಡಿಯಿಂದ,
ಆಗಸ್ಟ್ ೨೨, ಗುರುವಾರ

ಪ್ರೀತಿಯ ಅಮ್ಮಾ,

ಕಾಲು ಹೇಗಿದೆ? "ಎರಡೂ ಇವೆ" ಎಂದು ನಗಿಸಿ ತಪ್ಪಿಸಿಕೊಳ್ಳಬೇಡ. ಊತ ಇಳಿದಿದೆಯೇ? ಡಾಕ್ಟರು ಕೊಟ್ಟ ಬಿಗಿ ಕಾಲುಚೀಲ ಹಾಕಿಕೊಳ್ಳುತ್ತಿದ್ದೀಯೋ, ಇಲ್ಲ ಅದೂ ನಿನ್ನ ಪೆಟ್ಟಿಗೆಯೊಳಗೆ ಹೊಸದಾಗಿಯೇ ಮಲಗಿದೆಯೋ? ಅಣ್ಣನನ್ನು ಕೇಳಿದರೆ ಎಲ್ಲದಕ್ಕೂ "ಚೆನ್ನಾಗಿದ್ದಾಳೆ ಬಿಡು" ಅನ್ನುತ್ತಾನೆ. ನೀನು ದಿನವಿಡೀ ಅಡುಗೆಮನೆಯಲ್ಲಿ ನಿಂತೇ ಇರುತ್ತೀ ಎಂಬ ನಿಜ ಹೊರಬರುವುದು ಅತ್ತಿಗೆಯ ಬಾಯಿಂದಲೇ. ಕೂತುಕೋ ಅಮ್ಮಾ, ದಮ್ಮಯ್ಯ. ಕೂತುಕೋ ಎಂದು ಬರೆಯುವಾಗ ನನ್ನ ಕೈಯೇ ತಡೆಯುತ್ತಿದೆ, ಯಾಕೆಂದು ಹೇಳುತ್ತೇನೆ. ಫೋನಿನಲ್ಲಿ ನಿನ್ನ ದನಿ ಕೇಳಿದರೆ ಹೇಳಲಾಗುವುದಿಲ್ಲವೆಂದೇ ಈ ಕಾಗದ.

ನಮ್ಮ ಸಾಬೂನಿನ ಕಂಪನಿಗೆ ಪ್ರಮಾಣಪತ್ರ ಸಿಕ್ಕಿತು. ನೆಲ, ನೀರು, ಕೆಲಸದವರು, ಎಲ್ಲವನ್ನೂ ಜವಾಬ್ದಾರಿಯಿಂದ ನೋಡಿಕೊಳ್ಳುವ ಕಂಪನಿ ಎಂಬ ಮುದ್ರೆ. ಅದಿಲ್ಲದಿದ್ದರೆ ದೊಡ್ಡ ಅಂಗಡಿಯವರು ನಮ್ಮ ಸಾಬೂನನ್ನು ಕಪಾಟಿಗೇ ಏರಿಸುವುದಿಲ್ಲ ಎಂದು ಕಡ್ಡಿ ಮುರಿದಂತೆ ಹೇಳಿದ್ದರು. ಆ ಮುದ್ರೆ ಸುಳ್ಳೇನೂ ಅಲ್ಲ, ಅರ್ಧ ನಿಜವೇ. ತೊಳೆದ ನೀರನ್ನು ಸೋಸಿ ಬಿಡಲು ತೊಟ್ಟಿ ಕಟ್ಟಿಸಿದ್ದೇನೆ. ಹಿಂದಿನ ಚರಂಡಿಯಲ್ಲಿ ಈಗ ನೊರೆ ತೇಲುವುದಿಲ್ಲ, ಪಕ್ಕದ ಗ್ಯಾರೇಜಿನವನು ನನ್ನನ್ನು ಕಂಡರೆ ಮೂಗು ಮುಚ್ಚಿಕೊಳ್ಳುವುದನ್ನೂ ಬಿಟ್ಟಿದ್ದಾನೆ. ಪ್ಲಾಸ್ಟಿಕ್ ಹೋಗಿ ಕಾಗದದ ಹೊದಿಕೆ ಬಂದಿದೆ. ಇಷ್ಟನ್ನು ಯಾರ ಮುಂದೆ ಬೇಕಾದರೂ ಹೇಳಬಲ್ಲೆ.

ಆದರೆ ಸಾಬೂನು ಸುತ್ತುವ ಕೋಣೆಯಿದೆಯಲ್ಲ, ಮೆಟ್ಟಿಲು ಹತ್ತಲಾಗದೆ ನೀನು ಇನ್ನೂ ನೋಡದ ಕೋಣೆ, ಅಲ್ಲಿ ಎದೆಮಟ್ಟದ ಉದ್ದನೆಯ ಮೇಜು ಇದೆ. ಅದರ ಎರಡೂ ಬದಿಗೆ ಹೆಂಗಸರು ಬೆಳಗಿನಿಂದ ಸಂಜೆಯವರೆಗೆ ನಿಂತು ಸುತ್ತುತ್ತಾರೆ. ಕುರ್ಚಿ ಹಾಕಿಸೋಣವೇ ಎಂದು ಲೆಕ್ಕ ಬರೆಯುವವರು ಒಮ್ಮೆ ಕೇಳಿದ್ದರು. "ನಿಂತ್ರೇನೇ ಕೈ ಚುರುಕು" ಅಂದೆ. ಯಾರ ಮಾತು ಅದು, ನೆನಪಾಯಿತೇ? ಬಿಸ್ಕತ್ತು ಕಾರ್ಖಾನೆಯ ನಿನ್ನ ಮೇಲ್ವಿಚಾರಕನದು. ನೀನು ಸೊಂಟಕ್ಕೆ ಕೈಯಿಟ್ಟು, ಮೂಗಿನಲ್ಲಿ ಅವನ ಹಾಗೆಯೇ ಮಾತಾಡಿ ತೋರಿಸುತ್ತಿದ್ದೆ, ನಾನೂ ಅಣ್ಣನೂ ಬಿದ್ದು ಬಿದ್ದು ನಗುತ್ತಿದ್ದೆವು. ಆಮೇಲೆ ನೀನು ಬಿಸಿನೀರಿನ ಬಕೆಟ್ಟಿನಲ್ಲಿ ಕಾಲಿಟ್ಟುಕೊಂಡು ಕೂರುತ್ತಿದ್ದೆ. ಅವನ ಮಾತು ನನ್ನ ಬಾಯಿಗೆ ಯಾವಾಗ ಬಂದು ಕೂತಿತೋ ತಿಳಿಯಲಿಲ್ಲ.

ತಪಾಸಣೆಗೆ ಬರುವವರು ಕೂರುವ ವ್ಯವಸ್ಥೆ ನೋಡುತ್ತಾರೆ ಎಂದು ಗೊತ್ತಾದಾಗ, ಮದುವೆ ಮನೆಗಳಿಗೆ ಕುರ್ಚಿ ಬಾಡಿಗೆ ಕೊಡುವವನಿಗೆ ಫೋನ್ ಮಾಡಿದೆ. ಒಂದು ದಿನದ ಮಟ್ಟಿಗೆ. ಅವನು ತಂದಿಳಿಸಿದ ಕುರ್ಚಿಗಳೋ ಕುಳ್ಳು, ಮೇಜೋ ಎತ್ತರ. ಕೂತವರ ತಲೆಯಷ್ಟೇ ಕಾಣುತ್ತಿತ್ತು, ಶಾಲೆಗೆ ಹೊಸದಾಗಿ ಸೇರಿದ ಮಕ್ಕಳ ಹಾಗೆ. ಎಲ್ಲರಿಗಿಂತ ಹಿರಿಯಳಾದ, ನಾವೆಲ್ಲ ದೊಡ್ಡಕ್ಕ ಎಂದು ಕರೆಯುವವಳು ನನ್ನ ಮುಖ ನೋಡಿದಳು, ಹೋಗಿ ಖಾಲಿ ಗೋಣಿಚೀಲಗಳನ್ನು ಮಡಿಚಿ ತಂದು ಒಬ್ಬೊಬ್ಬರ ಕೆಳಗೂ ಇಟ್ಟಳು.

ತಪಾಸಣೆಯ ಮೇಡಂ ಒಳ್ಳೆಯವರು, ಅದೇ ಕಷ್ಟ. ನನ್ನನ್ನು ಹೊರಗೆ ಕಳಿಸಿ ಹೆಂಗಸರ ಜೊತೆ ತಾವೊಬ್ಬರೇ ಮಾತಾಡಿದರು. ಹೊರಗೆ ಬಂದವರು ಮೊದಲು ಎತ್ತಿದ್ದೇ ಕುರ್ಚಿಯ ಮಾತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ನಾನು ಎರಡೂ ಹೆಗಲು ಮುಟ್ಟಿಕೊಂಡೆ. ಅವರು ಮೆಚ್ಚಿ ನನ್ನ ಕೈ ಹಿಡಿದರು. ದೊಡ್ಡಕ್ಕ ಅವರಿಗೆ ಹೇಳಿದ್ದಳಂತೆ, "ನಾವು ಸೇರ್ದಾಗ್ನಿಂದ ಕುರ್ಚಿ ಇದೆ ಮೇಡಂ. ನಿಂತ್ರೆ ನಮ್ಮ ಓನರಕ್ಕ ಬೈತಾರೆ. ಅವರಮ್ಮನ ಕಾಲು ನಿಂತೂ ನಿಂತೂ ಹೋಯ್ತಲ್ಲ, ಅದಕ್ಕೆ."

ನಾನು ಹೇಳಿಕೊಟ್ಟದ್ದಲ್ಲ ಅಮ್ಮಾ. ನಿನ್ನ ಕಾಲಿನ ಕಥೆಯನ್ನು ನಾನೇ ಬಂದವರಿಗೆಲ್ಲ ಹೇಳಿ ಹೇಳಿ ಆ ಹೆಂಗಸರ ಕಿವಿಗೂ ಬಿದ್ದಿತ್ತು. ನನ್ನ ಮಾನ ಉಳಿಸಲು ಅದನ್ನೇ ತೆಗೆದು ಕೊಟ್ಟರು. ಬಾಡಿಗೆ ಮನೆಯ ಮಾಲೀಕರ ಕಿಟಕಿಗಾಜನ್ನು ನಾನು ಒಡೆದಾಗ ನೀನೂ ಹೀಗೇ ಮಾಡಿದೆ. "ನನ್ನ ಕೈ ಜಾರ್ತು" ಎಂದು ಹೇಳಿ, ಆ ಮನುಷ್ಯ ಬೈದು ಮುಗಿಸುವವರೆಗೆ ಬಾಗಿಲಲ್ಲಿ ನಿಂತಿದ್ದೆ. ನಾನು ನಿನ್ನ ಸೆರಗಿನ ಹಿಂದೆ ಇದ್ದೆ.

ಮೇಡಂ ಅವರ ಕಾರು ತಿರುವು ದಾಟಿತು. ಯಾರಿಗೂ ಯಾರೂ ಹೇಳಲಿಲ್ಲ, ಹೆಂಗಸರು ತಾವಾಗಿಯೇ ಎದ್ದರು. ಬಾಡಿಗೆಯವನು ಬೈಯಬಾರದೆಂದು ಕುರ್ಚಿಗಳ ಮೇಲಿನ ಸಾಬೂನಿನ ಪುಡಿ ಒರೆಸಿದರು, ಒಂದರ ಮೇಲೊಂದು ಪೇರಿಸಿ ಗೋಡೆಗೆ ಒರಗಿಸಿದರು. ಮತ್ತೆ ಮೇಜಿನ ಮುಂದೆ ನಿಂತರು. ದೊಡ್ಡಕ್ಕ ಒಂದು ಕಾಲಿನ ಪಾದದಿಂದ ಇನ್ನೊಂದರ ಮೀನಖಂಡ ಉಜ್ಜಿಕೊಂಡಳು. ನೀನು ಒಲೆಯ ಮುಂದೆ ನಿಂತು ಉಜ್ಜಿಕೊಳ್ಳುತ್ತಿದ್ದೆಯಲ್ಲ, ಥೇಟ್ ಹಾಗೆಯೇ. ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಬಡಗಿಯನ್ನು ಕರೆಸಿ ಎತ್ತರದ ಸ್ಟೂಲುಗಳಿಗೆ ಅಳತೆ ಕೊಟ್ಟಿದ್ದೇನೆ, ಬರುತ್ತವೆ. ಬಂದರೂ ನನಗೆ ಆ ಕೋಣೆಗೆ ಹೋಗಲು ನಾಚಿಕೆ. ಲೆಕ್ಕ ಬರೆಯುವವರು ಪ್ರಮಾಣಪತ್ರಕ್ಕೆ ಚೌಕಟ್ಟು ಹಾಕಿಸಿ ತಂದಿದ್ದಾರೆ, ಎಲ್ಲಿ ಮೊಳೆ ಹೊಡೆಯೋಣ ಎಂದು ದಿನವೂ ಕೇಳುತ್ತಾರೆ. ನಾಳೆ ನೋಡೋಣ ಅನ್ನುತ್ತೇನೆ.

ಅಣ್ಣ ಅತ್ತಿಗೆಗೆ ನನ್ನ ನೆನಪು ಹೇಳು. ಕಾಲುಚೀಲ ಹಾಕಿಕೋ. ಕಾಲಿಗೆ ಬೀಳುತ್ತೇನೆ ಎಂದು ಪ್ರತಿ ಸಲ ಬರೆಯುತ್ತಿದ್ದೆ, ಈ ಸಲ ಆ ಕಾಲು ಮುಟ್ಟುವ ಯೋಗ್ಯತೆ ನನಗಿಲ್ಲ. ದೂರದಿಂದಲೇ ನಮಸ್ಕಾರ.

ನಿನ್ನ
ಪುಟ್ಟಿ

ತಾ.ಕ.: ಅಂಚೆಯವನು ಕೆಳಗೆ ಬಂದಾಯಿತು, ಬೇಗ ಹೇಳಿಬಿಡುತ್ತೇನೆ. ಮೇಡಂ ನಿನ್ನ ನಂಬರ್ ಕೇಳಿದರು, ಕೊಟ್ಟುಬಿಟ್ಟೆ. ನಿನ್ನ ಕಾಲಿನ ಕಥೆಯನ್ನು ತಮ್ಮ ಸಂಸ್ಥೆಯ ಪತ್ರಿಕೆಯಲ್ಲಿ ಹಾಕುತ್ತಾರಂತೆ. ಮುಂದಿನ ವಾರ ಫೋನ್ ಮಾಡಿ, ನಿಮ್ಮ ಮಗಳು ಎಲ್ಲರಿಗೂ ಕುರ್ಚಿ ಹಾಕಿಸಿದ್ದಾಳೆ ಅಲ್ಲವೇ ಎಂದು ಕೇಳುತ್ತಾರೆ. ನಾನೇ ಅವರಿಗೆ ಹೇಳಬೇಕು, ಫೋನ್ ಎತ್ತುತ್ತೇನೆ, ಇಡುತ್ತೇನೆ. ಅಷ್ಟರೊಳಗೆ ನನಗೆ ಧೈರ್ಯ ಬರದಿದ್ದರೆ, ಅಮ್ಮಾ, ಈ ಸಲ "ನನ್ನ ಕೈ ಜಾರ್ತು" ಎನ್ನಬೇಡ.