ತಂಗಿಯ ಚೀಟಿಯಿಂದ ನಾನು ಅಳಿಸಿದ ಪದ

ನೆರಳೋಣಿ ನಾಲ್ಕು, ಬೆಟಗೇರಿ
ಇಸವಿ 2171, ಎರಡನೆಯ ಬೇಸಿಗೆಯ ಹದಿನೇಳನೆಯ ದಿನ

ನೂರೈವತ್ತು ವರ್ಷ ಹಿಂದಿರುವ ನಿಮಗೆ, ದಾನಮ್ಮ ಮುಳಗುಂದ ಎಂಬವಳ ನಮಸ್ಕಾರಗಳು.

ತಾರೀಖು ನೋಡಿ, ಯಾರೋ ತಮಾಷೆ ಮಾಡಿದ್ದಾರೆಂದು ಈ ಕಾಗದವನ್ನು ಮಡಿಚಿಡಬೇಡಿ. ನಮಗೀಗ ವರ್ಷಕ್ಕೆ ಎರಡು ಬೇಸಿಗೆ. ತಿಂಗಳ ಹೆಸರುಗಳನ್ನು ಬಿಟ್ಟು ಬಹಳ ಕಾಲವಾಯಿತು. ನನ್ನ ಕನ್ನಡದಲ್ಲಿ ನೀವು ಕೇಳದ ಮಾತುಗಳು ಬಂದರೆ ಕ್ಷಮಿಸಿ. ಬಂದಲ್ಲೇ ಅರ್ಥ ಹೇಳುತ್ತ ಹೋಗುತ್ತೇನೆ. ಹಿಂದಿನ ಕಾಲಕ್ಕೆ ಬರೆಯುವವರು ಸಾಮಾನ್ಯವಾಗಿ ತಮ್ಮ ಪೂರ್ವಿಕರ ಕ್ಷೇಮ ವಿಚಾರಿಸಿ, ನಿಮ್ಮ ಮಳೆ ಹೇಗಿತ್ತೆಂದು ಕೇಳಿ ಮುಗಿಸುತ್ತಾರೆ. ನನಗೆ ಮಳೆಯ ಸುದ್ದಿ ಬೇಡ. ನಾನು ಮಾಡಿದ ಒಂದು ಕೆಲಸವನ್ನು ಯಾರಿಗಾದರೂ ಹೇಳಬೇಕಾಗಿದೆ. ಇಲ್ಲಿಯವರಿಗೆ ಹೇಳುವ ಧೈರ್ಯ ನನಗಿಲ್ಲ.

ನಾನು ರಕ್ತಕಟ್ಟೆಯಲ್ಲಿ ಓದುಗಿತ್ತಿ. ಪ್ರತಿ ಓಣಿಗೂ ಒಂದು ಕಟ್ಟೆ ಇದೆ. ಹೆಂಗಸರು ವರ್ಷಕ್ಕೊಮ್ಮೆ, ಬಸಿರಾದಾಗ ತಿಂಗಳಿಗೊಮ್ಮೆ ಬಂದು, ಬೆರಳು ಚುಚ್ಚಿಸಿಕೊಂಡು, ಹನಿಪಟ್ಟಿಯೆಂಬ ಅಂಗೈಯಗಲದ ಬಟ್ಟೆಯ ಮೇಲೆ ಒಂದು ಹನಿ ರಕ್ತ ಬಿಡುತ್ತಾರೆ. ಪಟ್ಟಿಯಲ್ಲಿ ಬಣ್ಣದ ಗೆರೆಗಳೇಳುತ್ತವೆ: ಕಬ್ಬಿಣಾಂಶಕ್ಕೊಂದು, ಸಕ್ಕರೆಗೊಂದು, ಫೋಲೇಟಿಗೊಂದು. ಫೋಲೇಟ್ ನಿಮಗೂ ಗೊತ್ತಿರುವುದೇ. ಸೊಪ್ಪು ಕಾಳುಗಳಲ್ಲಿರುವ ಜೀವಸತ್ವ. ಅದು ಕಡಿಮೆಯಾದರೆ ಗರ್ಭದ ಕೂಸಿನ ಬೆನ್ನುಹುರಿ ಸರಿಯಾಗಿ ಮುಚ್ಚಿಕೊಳ್ಳದೆ ಹೋಗಬಹುದು. ಆ ಗೆರೆಗಳನ್ನು ಓದಿ ಹೇಳುವುದು ನನ್ನ ಕೆಲಸ. ಇಪ್ಪತ್ತೆರಡು ವರ್ಷಗಳಿಂದ ಓದುತ್ತಿದ್ದೇನೆ. ನನ್ನ ಓದು ತಪ್ಪಿದ್ದಿಲ್ಲವೆಂದು ಊರಿನಲ್ಲಿ ಒಳ್ಳೆಯ ಹೆಸರಿದೆ.

ನನ್ನ ತಂಗಿ ಸಂಗವ್ವ ನನಗಿಂತ ಎಂಟು ವರ್ಷ ಚಿಕ್ಕವಳು. ಬಿಸಿಲಿಗೆ ಓಣಿಗಳ ಮೇಲೆ ಕಟ್ಟುವ ನೆರಳುಬಟ್ಟೆಯನ್ನು ನೇಯುವುದು ನಮ್ಮ ಮನೆತನದ ಕಸುಬು. ಒಂಬತ್ತನೆಯ ವಯಸ್ಸಿನಲ್ಲಿ ಮಗ್ಗದ ಮುಂದೆ ಕೂತಿದ್ದಾಗ ಅವಳಿಗೆ ಮೊದಲ ಸಲ ಫಿಟ್ಸ್ ಬಂತು. ಮೂರ್ಛೆರೋಗಕ್ಕೆ ಹೊಸ ಔಷಧಗಳು ಎಷ್ಟೋ ಬಂದಿವೆ. ಅವಳ ಫಿಟ್ಸ್ ಮಾತ್ರ ನಿಮ್ಮ ಕಾಲದಿಂದಲೂ ಇರುವ ಒಂದು ಹಳೆಯ ಗುಳಿಗೆಗೆ ನಿಂತಿತು. ಆಮೇಲೆ ಹತ್ತು ವರ್ಷ ಒಮ್ಮೆಯೂ ಬರಲಿಲ್ಲ. ಆದರೆ ಆ ಗುಳಿಗೆ ಫೋಲೇಟನ್ನು ಕೆಡಿಸುತ್ತದೆ, ಕೂಸಿನ ಬೆನ್ನಿಗೂ ಅಪಾಯ ತರಬಲ್ಲದು. ಅದಕ್ಕೇ ಅದನ್ನು ನುಂಗುವ ಹೆಣ್ಣು ಬಸಿರಾಗುವ ಎಷ್ಟೋ ತಿಂಗಳ ಮೊದಲೇ ವೈದ್ಯರನ್ನು ಕಾಣಬೇಕು. ಅವರು ಔಷಧ ಬದಲಿಸಬಹುದು, ಪ್ರಮಾಣ ಇಳಿಸಬಹುದು, ಫೋಲಿಕ್ ಆಸಿಡ್ ಹೆಚ್ಚು ಕೊಡಬಹುದು. ಬಸಿರು ಗೊತ್ತಾದ ಮೇಲೆ ಹೋದರೆ ತಡವಾಗಿರುತ್ತದೆ. ಅಷ್ಟರಲ್ಲಿ ಬೆನ್ನುಹುರಿ ಮುಚ್ಚಿಕೊಳ್ಳುವ ಗಳಿಗೆ ಕಳೆದಿರುತ್ತದೆ. ಇದನ್ನು ನಾವೇನೂ ಹೊಸದಾಗಿ ಕಂಡುಹಿಡಿಯಲಿಲ್ಲ. ನಿಮ್ಮ ಕಾಲದಲ್ಲೇ ಎಲ್ಲವೂ ಗೊತ್ತಿತ್ತು.

ನಮ್ಮಲ್ಲಿ ಮದುವೆಯ ಮಾತಿಗೆ ಮೊದಲು ಎರಡೂ ಮನೆಯವರು ಮೈಚೀಟಿ ಬದಲಿಸಿಕೊಳ್ಳುತ್ತಾರೆ. ಹುಟ್ಟಿದಂದಿನಿಂದ ಆದ ಕಾಯಿಲೆಗಳ ವಿವರ ಅದರಲ್ಲಿರುತ್ತದೆ. ನೀವು ಜಾತಕ ನೋಡುತ್ತಿದ್ದಿರಂತೆ. ನಾವು ಇದನ್ನು ನೋಡುತ್ತೇವೆ. ಸಂಗವ್ವನ ಚೀಟಿ ನೋಡಿ ಮೂರು ಮನೆಯವರು ಬೇಡವೆಂದರು. ನಾಲ್ಕನೆಯ ಸಲ ಅಂದಾನಪ್ಪನೆಂಬ ಹುಡುಗನ ಮನೆಯಿಂದ ಕೇಳಿಕೊಂಡು ಬಂದಾಗ ಅವಳೇ ನನ್ನ ಹತ್ತಿರ ಬಂದಳು.

"ಅಕ್ಕಾ, ಇವರಿಗೂ ಖರೇ ಹೇಳಿಬಿಡೂಣು. ಬ್ಯಾಡಂದ್ರ ಬ್ಯಾಡ. ನಾ ಮಗ್ಗದ ಮುಂದ ಆರಾಮ ಇರ್ತೀನಿ."

"ಅವ್ವ ಅಳೋದು ನಿನಗ ಕಾಣಸೂದಿಲ್ಲೇನು? ಬಾಯಿ ಮುಚ್ಕೊಂಡು ಕೂಡು. ನಾ ನೋಡ್ಕೋತೀನಿ," ಎಂದೆ.

ಚೀಟಿಗಳ ದಾಖಲೆ ನಮ್ಮ ಕಟ್ಟೆಯಲ್ಲೇ ಇರುತ್ತದೆ. ಮರುದಿನ ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋಗಿದ್ದಾಗ ನಾನು 'ಮೂರ್ಛೆ' ಎಂಬ ಪದವನ್ನು ಅಳಿಸಿದೆ. ಅದರ ಕೆಳಗಿದ್ದ ಗುಳಿಗೆಯ ಹೆಸರನ್ನೂ ಅಳಿಸಿದೆ. ಅಳಿಸಿದರೆ ಏನಾಗುತ್ತದೆಂದು ನನಗಿಂತ ಚೆನ್ನಾಗಿ ಬಲ್ಲವರು ಆ ಓಣಿಯಲ್ಲಿ ಇರಲಿಲ್ಲ. ಅಂಥ ಗುಳಿಗೆ ನುಂಗುವ ಹೆಣ್ಣಿಗೆ ಮದುವೆಯಾದ ವಾರದೊಳಗೆ ಕಟ್ಟೆಯಿಂದ ತಾನಾಗಿಯೇ ಕರೆ ಹೋಗುತ್ತದೆ: ವೈದ್ಯರನ್ನು ಕಾಣಿರಿ ಎಂದು. ಅಂದಾನಪ್ಪನೊಂದಿಗೆ ಮದುವೆಯಾಯಿತು. ಸಂಗವ್ವನಿಗೆ ಯಾವ ಕರೆಯೂ ಹೋಗಲಿಲ್ಲ. ನಾನೇ ಹೇಳಿದರಾಯಿತೆಂದುಕೊಂಡೆ. ವೈದ್ಯರ ಹತ್ತಿರ ಹೋದರೆ ಗುಟ್ಟು ಹೊರಬೀಳುತ್ತದೆಂದು ಮುಂದಕ್ಕೆ ಹಾಕಿದೆ. ಅವಳ ಗುಳಿಗೆಗಳನ್ನು ಶೇಂಗಾ ಚಟ್ನಿಪುಡಿಯ ಡಬ್ಬಿಯ ತಳದಲ್ಲಿಟ್ಟು ತಿಂಗಳಿಗೊಮ್ಮೆ ಒಯ್ದು ಕೊಡುತ್ತಿದ್ದೆ. ಅದರ ಜೊತೆ ಫೋಲಿಕ್ ಆಸಿಡ್ ಗುಳಿಗೆಯನ್ನೂ ಇಡಬಹುದಿತ್ತು. ಎರಡು ಬಗೆಯ ಗುಳಿಗೆ ಬಚ್ಚಿಡುವುದು ಅವಳಿಗೆ ಕಷ್ಟವಾದೀತೆಂದು ಇಡಲಿಲ್ಲ. ಇಷ್ಟು ಸಣ್ಣ ಕಾರಣ.

ಮದುವೆಯಾದ ಆರು ತಿಂಗಳಿಗೆ ಅವಳು ನಗುತ್ತ ಕಟ್ಟೆಗೆ ಬಂದಳು. ಬಸಿರಾಗಿ ಎರಡು ತಿಂಗಳಾಗಿದ್ದವು. ಹನಿ ಬಿಟ್ಟಳು. ಫೋಲೇಟಿನ ಗೆರೆ ಏಳಲೇ ಇಲ್ಲವೆನ್ನುವಷ್ಟು ಮಸುಕಾಗಿತ್ತು.

"ಹೆಂಗೈತಕ್ಕಾ?"

"ಎಲ್ಲಾ ಛಲೋ ಐತಿ," ಎಂದೆ.

ಐದನೆಯ ತಿಂಗಳಲ್ಲಿ ಸ್ಕ್ಯಾನ್ ಮಾಡಿದ ವೈದ್ಯೆ ಪರದೆಯನ್ನು ನಮ್ಮ ಕಡೆಗೆ ತಿರುಗಿಸಿದಳು. ಕೂಸಿನ ಬೆನ್ನು ಕೆಳಗಡೆ ತೆರೆದುಕೊಂಡಿತ್ತು. ಯಾವುದಾದರೂ ಔಷಧ ತೆಗೆದುಕೊಳ್ಳುತ್ತೀಯಾ ಎಂದು ಕೇಳಿದಳು. ಸಂಗವ್ವ ನನ್ನನ್ನು ನೋಡಿದಳು. ನಾನು ನೆಲ ನೋಡಿದೆ. ಅವಳೇ ಹೇಳಿದಳು: "ಫಿಟ್ಸಿನ ಗುಳಿಗಿ ತೊಗೋತೀನ್ರಿ. ಸಣ್ಣಾಕಿದ್ದಾಗಿಂದ."

ಅವಳ ಅತ್ತೆ ಕಾಶವ್ವ ಅಲ್ಲೇ ಇದ್ದರು. ಕೂಗಾಡಲಿಲ್ಲ. ನನ್ನ ಕಡೆಗೆ ತಿರುಗಿ ಮೆಲ್ಲಗೆ ಹೇಳಿದರು: "ಮೊದಲ ಹೇಳಿದ್ರ ನಾವು ಬ್ಯಾಡ ಅಂತಿದ್ವಿ ನೋಡವಾ. ಸುಳ್ಳ್ಯಾಕ ಹೇಳ್ಲಿ. ಮದುವಿ ಆದಮ್ಯಾಲರೆ ಹೇಳಬೇಕಿತ್ತಲ್ಲ? ಆಗ ಆಕಿ ನಮ್ಮಾಕಿ ಆಗಿದ್ಲು."

ಗುಳಿಗೆಯನ್ನು ಒಮ್ಮೆಲೇ ಬಿಡಬೇಡ, ಬಿಟ್ಟರೆ ನಿನ್ನ ಜೀವಕ್ಕೇ ಅಪಾಯ ಎಂದು ವೈದ್ಯೆ ಸಂಗವ್ವನ ಕೈಹಿಡಿದು ಹೇಳಿದಳು. ಆದರೂ ಸಂಗವ್ವ ಮನೆಗೆ ಹೋಗಿ ಗುಳಿಗೆಯ ಡಬ್ಬಿಯನ್ನು ಬಚ್ಚಲಲ್ಲಿ ಸುರಿದಳು. ಮೂರನೆಯ ದಿನ ಒಂದರ ಮೇಲೊಂದು ಫಿಟ್ಸ್ ಬಂದವು. ಅಂದಾನಪ್ಪ ಅವಳನ್ನು ಎತ್ತಿಕೊಂಡು ನೆರಳಿಲ್ಲದ ರಸ್ತೆಯಲ್ಲಿ ಬಿಸಿಲಲ್ಲೇ ಆಸ್ಪತ್ರೆಗೆ ಓಡಿದ. ತಾಯಿಯೂ ಕೂಸೂ ಉಳಿದರು. ನಾನು ನೋಡಲು ಹೋದಾಗ ಸಂಗವ್ವ ಗೋಡೆಗೆ ಮುಖ ಮಾಡಿದ್ದಳು.

"ಅವತ್ತು ಪಟ್ಟಿ ಓದಿದಾಗ ನಿನಗ ಗೊತ್ತಾಗಿತ್ತು ಹೌದಲ್ಲೋ?" ಎಂದಳು. ನಾನು ಅವಳ ಹೊದಿಕೆ ಸರಿಮಾಡಲು ಹೋದೆ. "ಹೋಗಿನ್ನ."

ಹನ್ನೊಂದು ವರ್ಷಗಳಾದವು. ಆಮೇಲೆ ನನ್ನೊಂದಿಗೆ ಅವಳು ಮಾತಾಡಿಲ್ಲ. ಪದ ಅಳಿಸಿದ್ದು ನಾನೆಂದು ಅವಳು ಯಾರಿಗೂ ಹೇಳಲಿಲ್ಲ. ದಾಖಲೆ ತಾನಾಗಿಯೇ ಕೆಟ್ಟಿರಬೇಕೆಂದು ಕಟ್ಟೆಗೆ ವಿಚಾರಣೆಗೆ ಬಂದವರು ಬರೆದುಕೊಂಡು ಹೋದರು. ಮುಂದಿನ ವರ್ಷ ನನ್ನನ್ನು ಹಿರಿಯ ಓದುಗಿತ್ತಿ ಮಾಡಿ ಶಾಲು ಹೊದಿಸಿದರು. ನಾನು ಹೊದ್ದುಕೊಂಡೆ. ಎಲ್ಲವನ್ನೂ ಸರಿಯಾಗಿ ಮಾಡಿದ್ದರೂ ಹೀಗಾಗುವ ಸಾಧ್ಯತೆ ಸ್ವಲ್ಪವಾದರೂ ಇತ್ತು ಎಂದು ಆ ವೈದ್ಯೆ ಒಮ್ಮೆ ಹೇಳಿದ್ದಳು. ಇದ್ದಿರಬಹುದು. ಸರಿಯಾಗಿ ಮಾಡಿ ಸೋತವರಿಗೆ ಆ ಮಾತು ಸಮಾಧಾನ ಕೊಟ್ಟೀತು. ನನಗೆ ಅದರಲ್ಲಿ ಪಾಲಿಲ್ಲ.

ಸಂಗವ್ವನ ಮಗಳು ನೀಲಾಂಬಿಕೆಗೆ ಸೊಂಟದ ಕೆಳಗೆ ಬಲವಿಲ್ಲ. ಗಾಲಿಕುರ್ಚಿಯಲ್ಲಿ ಓಡಾಡುತ್ತಾಳೆ. ಬಲು ಚುರುಕು, ಮಗ್ಗದ ಲಯ ಕೇಳಿಯೇ ಯಾವ ಎಳೆ ಹರಿದಿದೆಯೆಂದು ಹೇಳುತ್ತಾಳಂತೆ. ಕಳೆದ ವಾರ ಅಜ್ಜಿ ಕಾಶವ್ವನ ಜೊತೆ ಕಟ್ಟೆಗೆ ಬಂದಿದ್ದಳು. ಅಜ್ಜಿ ಸಾಲಿನಲ್ಲಿ ನಿಂತಾಗ, ಇವಳು ಕುರ್ಚಿ ತಳ್ಳಿಕೊಂಡು ನನ್ನ ಕಿಟಕಿಗೆ ಬಂದಳು.

"ನೀವು ನಮ್ಮ ದೊಡ್ಡವ್ವ ಅಲ್ಲೇನ್ರಿ? ನಾ ಹೊಟ್ಟ್ಯಾಗಿದ್ದಾಗ ನಮ್ಮವ್ವನ ರಕ್ತ ಓದಿದವರು ನೀವ ಅಂತ. ಏನ್ ಬರದಿತ್ರಿ ಅದರಾಗ?"

ಸಾಲು ದೊಡ್ಡದಿದೆ, ಆಮೇಲೆ ಬಾ ಎಂದೆ.

ನಿಮ್ಮಲ್ಲೂ ಇಂಥ ಮನೆಗಳಿವೆಯೆಂದು ಹಳೆಯ ದಾಖಲೆಗಳಲ್ಲಿ ಓದಿದ್ದೇನೆ. ಮಗಳ ಗುಳಿಗೆಯನ್ನು ಅಕ್ಕಿಯ ಡಬ್ಬಿಯಲ್ಲಿ ಬಚ್ಚಿಟ್ಟು ನಿಶ್ಚಿತಾರ್ಥದ ದಿನ ಗೊತ್ತುಮಾಡುವ ಮನೆಗಳು. ಈ ಕಾಗದ ಅಂಥ ಮನೆಗೆ ತಲುಪಿದರೆ, ಓದುವ ತಾಯಿಗೋ ಅಕ್ಕನಿಗೋ ನನ್ನದೊಂದೇ ಬೇಡಿಕೆ. ಆ ಹುಡುಗಿಯನ್ನು ನಾಳೆಯೇ ವೈದ್ಯರ ಬಳಿ ಕರೆದುಕೊಂಡು ಹೋಗಿ. ಅವರು ಕೇಳುವ ಮೊದಲೇ ಗುಳಿಗೆಯ ಹೆಸರು ಹೇಳಿ, ಮದುವೆಯ ವಿಷಯ ಹೇಳಿ, ಫೋಲಿಕ್ ಆಸಿಡ್ ಎಷ್ಟು, ಯಾವಾಗಿನಿಂದ ಎಂದು ಕೇಳಿ. ಅವರನ್ನು ಕೇಳದೆ ಇದ್ದ ಗುಳಿಗೆಯನ್ನು ಬಿಡಿಸಬೇಡಿ. ಬೀಗರು ಬೇಡವೆಂದು ಎದ್ದು ಹೋದರೆ ಬಾಗಿಲವರೆಗೆ ಹೋಗಿ ಕಳಿಸಿ ಬನ್ನಿ.

ನೀಲಾಂಬಿಕೆ ನಾಳೆ ಮತ್ತೆ ಬರುತ್ತಾಳಂತೆ. ಅವಳಿಗೆ ಏನು ಹೇಳಬೇಕೆಂದು ನನಗೆ ಇನ್ನೂ ತಿಳಿದಿಲ್ಲ.

ಇತಿ,
ದಾನಮ್ಮ