ಹಿಂದುಳಿದಂತೆ ನಟಿಸಿದ ಊರು, ಮುಂದುವರಿದಂತೆ ನಟಿಸಿದ ಊರು

ಕ್ರಿ.ಶ. 2296, ಫೆಬ್ರವರಿ 30

ಇಪ್ಪತ್ತೊಂದನೇ ಶತಮಾನದ ಹಿರಿಯರಿಗೆ ನೀಲಾಂಬಿಕೆ ಹಳ್ಯಾಳಳ ನಮಸ್ಕಾರಗಳು. ತಾರೀಖು ಕೈತಪ್ಪಿ ಬಂದದ್ದಲ್ಲ. ಫೆಬ್ರವರಿ ಗಿಡ್ಡವಾಯಿತೆಂದು ಯುರೋಪಿನ ಉತ್ತರದವರು ಎರಡು ದಿನ ಸೇರಿಸಿದರು. ಆ ಎರಡು ದಿನ ರಜೆಯೆಂದ ಮೇಲಷ್ಟೇ ದಕ್ಷಿಣದವರು ಒಪ್ಪಿದರು. ನನ್ನ ಕೆಲವು ಪದಗಳು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಬೇಕು.

ನಾನು ತೂಕಗಾರ್ತಿ. ಯುರೋಪಿನ ಯಾವ ಸೀಮೆ ಸಮಾಜ, ರಾಜಕೀಯ, ಸಂಸ್ಕೃತಿಗಳಲ್ಲಿ ಎಷ್ಟು ಮುಂದಿದೆ ಎಂದು ಹೋಲಿಸಿ ಪಟ್ಟಿ ಮಾಡುವ ಕೆಲಸ. ಅಲ್ಲಿಯವರೇ ಮಾಡಿದರೆ ಪಕ್ಷಪಾತವೆಂದು ಹೋಲಿಕೆ ಮಂಡಳಿ ನನ್ನನ್ನು ಧಾರವಾಡದಿಂದ ಕರೆಸಿತ್ತು. ಪಟ್ಟಿಯಲ್ಲಿ ಕೊನೆಗೆ ಬಂದವರ ಆಡಳಿತವನ್ನು ಮೊದಲ ಸ್ಥಾನದವರು ಹತ್ತು ವರ್ಷ ನಡೆಸಬೇಕೆಂಬುದು ನಿಯಮ. ಹಾಗಾಗಿ ಕೊನೆಯ ಸ್ಥಾನ ಯಾರಿಗೂ ಬೇಡ. ಮೊದಲನೆಯದಂತೂ ಇನ್ನೂ ಬೇಡ.

ಫಿನ್ಲೆಂಡಿನ ಕೊಯಿವುಲಾದಲ್ಲಿ ಅಧ್ಯಕ್ಷೆ ಐನೊ ತಮ್ಮ ಗ್ರಂಥಾಲಯಕ್ಕೆ ಟಾರ್ಪಾಲು ಹೊದಿಸಿ, ಅದು ದನದ ಕೊಟ್ಟಿಗೆ ಎಂದರು. ಪರಭಾಷೆಯನ್ನು ನಮ್ಮೂರ ಮಾತಾಗಿಸುವ ಕಿವಿಗನ್ನಡಿ ಹಾಕಿಕೊಂಡಿದ್ದರಿಂದ ಅವರ ಮುಂದಿನ ಮಾತು ನನಗೆ ಹೀಗೆ ಕೇಳಿಸಿತು: "ನಮ್ಮೂರು ಭಾಳ ಹಿಂದುಳಿದೈತ್ರಿ ಅಕ್ಕಾರ. ಇಲ್ಲಿ ಯಾರೂ ಹೇಳಿದ ಟೈಮಿಗೆ ಬರಂಗಿಲ್ಲ." ಹತ್ತು ಗಂಟೆಯ ಸಭೆಗೆ ಜನ ಒಂಬತ್ತೂವರೆಗೇ ಬಂದು ಕಟ್ಟಡದ ಹಿಂದೆ ಅಡಗಿ ನಿಂತಿದ್ದರು. ಹತ್ತಾಗಿ ಮೂರು ನಿಮಿಷಕ್ಕೆ ಐನೊ ಅವರ ಹಣೆ ಬೆವೆತಿತು. "ಇನ್ನ ನನ್ನ ಕೈಲೆ ಆಗೂದಿಲ್ರಿ" ಎಂದು ಗಂಟೆ ಬಾರಿಸಿಬಿಟ್ಟರು.

ಸಿಸಿಲಿಯ ಕಾಲ್ತಾನೇರಾದಲ್ಲಿ ಅಧ್ಯಕ್ಷೆ ರೊಸಾಲಿಯಾ ಶಿಸ್ತಿನ ಊರೆನಿಸಿಕೊಳ್ಳಲು ಇಡೀ ಊರನ್ನು ಸಾಲಾಗಿ ನಿಲ್ಲಿಸಿ, ಯಾರೂ ತುಟಿ ಬಿಚ್ಚಬಾರದೆಂದು ತಾಕೀತು ಮಾಡಿದ್ದರು. ಅರ್ಧ ಬೀದಿ ನಡೆದಿದ್ದೆ. ನುನ್ಸಿಯೊ ಎಂಬ ಅಜ್ಜನಿಗೆ ತಡೆಯಲಾಗಲಿಲ್ಲ.

"ಊಟಾ ಆತೇನವಾ ತಂಗಿ?"

ಇಲ್ಲ ಎಂದೆ. ಸಾಲು ಚದುರಿಹೋಯಿತು. ನಾನು ಯಾರ ಮನೆಯಲ್ಲಿ ಉಣ್ಣಬೇಕೆಂದು ಎರಡು ಗಂಟೆ ಜಗಳ ನಡೆಯಿತು. ರೊಸಾಲಿಯಾ ಮೆಟ್ಟಿಲ ಮೇಲೆ ಕುಳಿತು ಕಣ್ಣೊರೆಸಿಕೊಂಡರು. "ನಮ್ಮ ಪಂಚಾಯ್ತಿ ಹೋತು ಬಿಡ್ರಿ. ಯಾವ ಓಣಿಗೆ ಯಾವಾಗ ನೀರು ಬಿಡಬೇಕಂತ ಫಿನ್ಲೆಂಡಿನವರಿಗೆ ಏನ್ ಗೊತ್ತು?"

ಆ ಮಾತು ಮನಸ್ಸಿನಲ್ಲೇ ಕೊರೆಯುತ್ತಿತ್ತು. ಮಂಡಳಿಗೆ ಮರಳಿ ನಿಯಮಾವಳಿ ತೆಗೆದೆ. ತೂಕಗಾರ್ತಿ ಕಂಡ ಪ್ರತಿ ಆಡಳಿತವನ್ನೂ ತೂಗಬೇಕೆಂದಿತ್ತು. ಎರಡು ವರ್ಷದಿಂದ ನಾನು ಎಲ್ಲಕ್ಕಿಂತ ಹೆಚ್ಚು ಕಂಡಿದ್ದು ಮಂಡಳಿಯ ಆಡಳಿತವನ್ನೇ. ಒಂದು ಕುರ್ಚಿಗಾಗಿ ನಾನು ಕೊಟ್ಟ ಅರ್ಜಿಗೆ ಹನ್ನೊಂದು ಸಹಿ ಬಿದ್ದಿದ್ದವು, ಕುರ್ಚಿ ಮಾತ್ರ ಬಂದಿರಲಿಲ್ಲ. ನಿಂತುಕೊಂಡೇ ವರದಿ ಬರೆದೆ: ಎರಡೂ ಊರು ಮೊದಲು, ಮಂಡಳಿ ಕೊನೆ.

ನಿಯಮದಂತೆ ಐನೊ, ರೊಸಾಲಿಯಾ ಇಬ್ಬರೂ ಮಂಡಳಿಯ ಆಡಳಿತ ವಹಿಸಿಕೊಂಡರು. ಎಂಟು ದಿನ ಪ್ರತಿಯೊಂದಕ್ಕೂ ಜಗಳವಾಡಿದರು. ಒಂಬತ್ತನೆಯ ದಿನ ಒಮ್ಮತದಿಂದ ಒಂದು ಠರಾವು ಮಾಡಿದರು: ಇನ್ನು ಪಟ್ಟಿಯೂ ಬೇಡ, ತೂಕಗಾರ್ತಿಯೂ ಬೇಡ.

ಕೆಲಸ ಹೋದದ್ದಕ್ಕೆ ದುಃಖವಿಲ್ಲ. ಇಂಥ ಪಟ್ಟಿಗಳನ್ನು ಪ್ರೀತಿಯಿಂದ ಬೆಳೆಸಿದವರು ನಿಮ್ಮ ಕಾಲದವರೆಂದು ಕೇಳಿದ್ದೇನೆ. ಅವರಲ್ಲಿ ಯಾರಾದರೂ ಎದುರು ಸಿಕ್ಕರೆ, ತಮ್ಮ ಸ್ವಂತ ಮನೆಯನ್ನು ಎಷ್ಟನೇ ಸಾಲಿನಲ್ಲಿ ಬರೆದುಕೊಂಡಿದ್ದಾರೆಂದು ದಯವಿಟ್ಟು ವಿಚಾರಿಸಿ.